ಕೊಮ್ಮೆಗೆ ನಾನು ಬೆರೆಸಿದ ಸೊಪ್ಪು

ನಾಗಮ್ಮ, ನಿನ್ನ ಎಡಗಾಲಿನಲ್ಲಿ ಗುಳ್ಳೆ ಎಬ್ಬಿಸಿದವಳು ನಾನು. ಬಾಣಂತನ ಮುಗಿಸಿ ನಮ್ಮೂರು ಹರವೆಗೆ ಬಂದಾಗ ಊದಿಕೊಂಡಿದ್ದ ನಿನ್ನ ಪಾದಕ್ಕೆ ಹಚ್ಚಿದ್ದು ಬರೀ ಅತ್ತೆಯ ಔಷಧಿಯಲ್ಲ. ಅದಕ್ಕೆ ಬೇಲಿಯ ಲಂಟಾನ ಸೊಪ್ಪು ಬೆರೆಸಿ ಅರೆದಿದ್ದೆ — ಬೇಕೆಂದೇ. ಮೂವತ್ತೆಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ನಿನ್ನ ಓರಗಿತ್ತಿ ಪುಟ್ಟಮ್ಮ ಓದಿದ್ದು ಮೂರನೇ ಕ್ಲಾಸು. ಅಕ್ಷರ ಅಂಕುಡೊಂಕಾಗಿದೆ, ಹೊಂದಿಸಿಕೊಂಡು ಓದು. ಎದೆಯಲ್ಲಿ ಇಷ್ಟು ಸಂತೋಷ ತುಂಬಿರುವಾಗಲೂ ಬರೆಯದೆ ಹೋದರೆ ಇನ್ಯಾವತ್ತೂ ಬರೆಯುವವಳಲ್ಲ ನಾನು.

ಸಂತೋಷ ಯಾಕೆ ಅಂದರೆ, ಸಿಂಚನ ರಜಕ್ಕೆ ಬಂದಿದ್ದಾಳೆ. ನನ್ನ ಮಗನ ಮಗಳು, ನಿನಗೂ ಮೊಮ್ಮಗಳೇ. ಆಯುರ್ವೇದ ಡಾಕ್ಟರಿಕೆ ಓದುತ್ತಿದ್ದಾಳಲ್ಲ, ಈಗ ಎರಡನೇ ವರ್ಷ. ಬಂದವಳು ಬ್ಯಾಗು ಕೂಡ ಇಳಿಸಲಿಲ್ಲ. "ಅಜ್ಜಿ, ನಿನ್ ಊತದ ಔಸ್ತಿ ಹೇಳ್ಕೊಡು. ಕಾಲೇಜಲ್ಲಿ ಎಲ್ರೂ ಒಂದೊಂದು ಮನೆಮದ್ದು ಹೇಳ್ಬೇಕು. ನಂದು ನೀನೆ" ಅಂದಳು. ನಂದು ನೀನೆ! ಆ ಮಾತಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ನಾಗಮ್ಮ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಗಿಡದ ಹೆಸರು ನಾಲ್ಕು ಜನರ ಕಿವಿಗೆ ಬಿದ್ದರೆ ಔಷಧಿಯ ಬಲ ಹೋಗುತ್ತದೆ ಅನ್ನುತ್ತಿದ್ದರು ಅತ್ತೆ. ಭಾನುವಾರ ಬೆಳಗಾಗೆದ್ದು ಸ್ನಾನ ಮಾಡಿ, ವಿಭೂತಿ ಇಟ್ಟು, ಗಿಡದ ಪಕ್ಕ ಕೂರಿಸಿ ಕಿವಿಯಲ್ಲಿ ಹೇಳಬೇಕು. ಹಾಗೇ ಮಾಡಿದೆ. ಹುಡುಗಿ ಆಕಳಿಸುತ್ತಾ ಹೊಲದ ಬದುವಿಗೆ ಬಂದಳು. ಕಿವಿಗೆ ಬಾಯಿಟ್ಟು "ಕೊಮ್ಮೆ" ಅಂದೆ. ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಅಜ್ಜಿ, ಇದು ನಮ್ ಬುಕ್ಕಲ್ಲೇ ಅದೆ! ಟೆಸ್ಟಲ್ಲೂ ಬಂದಿತ್ತು!"

"ಸುಮ್ಕಿರಮ್ಮಿ. ನಮ್ಮನೆ ಗುಟ್ಟ ನಿಮ್ ಬುಕ್ಕಿಗೆ ಯಾರು ಹೇಳ್ದೋರು?"

ಅಲ್ಲೇ ಬದುವಿನ ಮೇಲೆ ಕೂತು ಹೇಳಿದಳು. ಸಂಸ್ಕೃತದಲ್ಲಿ ಇದು ಪುನರ್ನವಾ. ಬೇಸಿಗೆಯಲ್ಲಿ ಮೇಲೆಲ್ಲ ಒಣಗಿ, ಬೇರು ಮಾತ್ರ ನೆಲದೊಳಗೆ ಉಳಿದು, ಮಳೆ ಬಿದ್ದರೆ ಮತ್ತೆ ಹೊಸದಾಗುವುದರಿಂದ ಆ ಹೆಸರಂತೆ. ಮೈಯನ್ನೇ ಹೊಸದು ಮಾಡುತ್ತದೆ, ಅದಕ್ಕೇ ಆ ಹೆಸರು ಅನ್ನುವವರೂ ಇದ್ದಾರಂತೆ. ಇನ್ನೊಂದು ಹೆಸರು ವರ್ಷಾಭೂ — ಮಳೆಗಾಲದಲ್ಲಿ ಹುಟ್ಟುವಂಥದ್ದು. ನನಗೆ ಕಣ್ಣಲ್ಲಿ ನೀರೇ ಬಂತು. ಯಾರೋ ಪುಣ್ಯಾತ್ಮರು, ಯಾವ ಕಾಲದಲ್ಲೋ, ನಮ್ಮ ಹಾಗೇ ಕುಕ್ಕರಗಾಲಲ್ಲಿ ಕೂತು ಈ ಕೆಂಪು ದಂಟನ್ನು ನೋಡಿದ್ದಾರೆ. ನಾನು ಕಂಡಿದ್ದನ್ನೇ ಕಂಡಿದ್ದಾರೆ. ಅವರು ಅದನ್ನು ಊರಿಗೆಲ್ಲ ಗೊತ್ತಾಗುವ ಹಾಗೆ ಬರೆದಿಟ್ಟರು, ನಾನು —

"ಹೆಂಗ್ ಅರೀಬೇಕು ಹೇಳು" ಎಂದು ಪುಸ್ತಕ ತೆಗೆದಳು. ಅಭ್ಯಾಸಬಲ, ಬಾಯಿಗೆ ಬಂದುಬಿಟ್ಟಿತು: ಎರಡು ಹಿಡಿ ಕೊಮ್ಮೆ, ಒಂದು ಹಿಡಿ ಲಂಟಾನ. ಬರೆದುಕೊಂಡು ಅಡಿಗೆರೆ ಎಳೆದಳು. "ಲಂಟಾನ ನಮ್ ಬುಕ್ಕಲ್ಲಿ ಇಲ್ಲ ಅಜ್ಜಿ, ಇದು ನೀನೇ ಕಂಡಿಡ್ದಿರೋದು! ನಮ್ ಮೇಡಮ್ಮಿಗೆ ಹೇಳ್ತೀನಿ, ತಡಿ. ಇದ್ರದ್ದು ಮೂರನೇ ಹೆಸ್ರು ಕೇಳು, ಚೆನ್ನಾಗದೆ. ಶೋಥಘ್ನೀ. ಅಂದ್ರೆ ಊತ ಕಳೆಯೋಳು."

ಊತ ಅಂದದ್ದೇ ತಡ, ನಿನ್ನ ಕಾಲು ಕಣ್ಣ ಮುಂದೆ ಬಂತು.

ಅತ್ತೆ ಹಾಸಿಗೆ ಹಿಡಿದಾಗ ನೀನು ಹೆರಿಗೆಗೆಂದು ಗುಂಡ್ಲುಪೇಟೆಯ ತವರಿನಲ್ಲಿದ್ದೆ; ಪಾಲಾಗಿ ನೀವು ಆ ಊರಿಗೇ ಹೋಗಿ ನೆಲೆಸಿದ್ದು ಆಮೇಲೆ. ಅತ್ತೆ ನನ್ನ ಕಿವಿಯಲ್ಲಿ ಗಿಡದ ಹೆಸರು ಹೇಳಿ, ನನ್ನ ಕೈ ಹಿಡಿದುಕೊಂಡು ಅಂದಿದ್ದರು: "ನಾಗಿ ಬಂದ್ಮೇಲೆ ಅವಳ್ಗೂ ಹೇಳ್ಬುಡು ಕಣಮ್ಮಿ. ಇಬ್ರೂ ಮಾಡ್ಕಂಡೋಗಿ." ನೀನು ಬರುವ ಹೊತ್ತಿಗೆ ಅತ್ತೆ ಇರಲಿಲ್ಲ. "ನಂಗೇನಾರ ಹೇಳಿದ್ರಾ ಅಕ್ಕ?" ಅಂತ ಕೇಳಿದೆ. "ಏನೂ ಹೇಳ್ನಿಲ್ಲ" ಅಂದುಬಿಟ್ಟೆ. ನೀನು ಎಸ್ಸೆಸ್ಸೆಲ್ಸಿ ಪಾಸಾದವಳು, ಮಾವನಿಗೆ ಪೇಪರ್ ಓದಿ ಹೇಳುತ್ತಿದ್ದವಳು. ನನ್ನ ಹತ್ತಿರ ಇದ್ದದ್ದು ಈ ಒಂದು ಹೆಸರು. ಅದನ್ನೂ ನಿನಗೆ ಕೊಟ್ಟುಬಿಟ್ಟರೆ... ಇದು ನೆಪ ಅಲ್ಲ. ನಡೆದದ್ದು ಹೇಳಿದೆ, ಅಷ್ಟೆ.

ಅಷ್ಟು ಹೊತ್ತಿಗೆ ಕೊಮ್ಮೆ ಸೊಪ್ಪನ್ನು ನೀನೂ ಬೆರಕೆ ಸೊಪ್ಪಿನ ಸಾರಿಗೆ ಹಾಕಲು ಕಲಿತಿದ್ದೆ. ಬರೀ ಕೊಮ್ಮೆ ಅರೆದು ಹಚ್ಚಿದರೆ ವಾಸನೆಯಲ್ಲೇ ಹಿಡಿದುಬಿಡುತ್ತೀಯ ಎಂದು ಘಾಟು ಸೊಪ್ಪು ಬೆರೆಸಿದೆ. ನೀನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಲು ಚಾಚಿದ್ದೆ. "ಅಕ್ಕ, ಮದ್ವೆ ಹೊಸದ್ರಲ್ಲಿ ನನ್ ಕಾಲು ಉಳುಕಿದಾಗ ಅತ್ತೆ ಹಚ್ಚಿದ್ರು. ಆವಾಗ ತಣ್ಣಗಿತ್ತಲ್ವಾ?" ಅಂದೆ.

"ಉರಿದ್ರೆ ಒಳ್ಳೇದು ಕಣ, ನೀರ ಕೀಳ್ತಾ ಅದೆ" ಅಂದೆ ನಾನು.

ನನ್ನ ಮಾತು ನಂಬಿ ಎರಡು ದಿನ ಕಟ್ಟು ಬಿಚ್ಚಲಿಲ್ಲ ನೀನು. ಬಿಚ್ಚಿದಾಗ ಪಾದದ ತುಂಬ ಗುಳ್ಳೆ. ಆಮೇಲಾದರೂ ಲಂಟಾನ ಬೆರೆಸುವುದನ್ನು ಬಿಡಬಹುದಿತ್ತು. ಬಿಟ್ಟರೆ ಔಷಧಿಯ ಬಣ್ಣ, ವಾಸನೆ ಬದಲಾಗುತ್ತದೆ, ಔಷಧಿಗೆ ಬಂದ ಊರವರು ಯಾಕೆ ಅಂತ ಕೇಳುತ್ತಾರೆ — ಹಾಗಂತ ಎಲ್ಲರಿಗೂ ಅದನ್ನೇ ಹಚ್ಚಿದೆ. ಕಡಿತ ಅಂದವರಿಗೆಲ್ಲ ಅದೇ ಮಾತು, ನೀರು ಕೀಳುತ್ತಿದೆ.

"ಲಂಟಾನ ಹೊಡ್ದಾಕು ಕಣಮ್ಮಿ" ಅಂದೆ ಸಿಂಚನಳಿಗೆ.

"ಯಾಕಜ್ಜಿ?"

"ಅದು ಔಸ್ತಿ ಅಲ್ಲ. ನಿನ್ ಗುಂಡ್ಲುಪೇಟೆ ಅಜ್ಜಿಗೆ ಗೊತ್ತಾಗ್ಬಾರ್ದು ಅಂತ ಆಕ್ತಿದ್ದೆ."

ಎಲ್ಲ ಹೇಳಿದೆ. ಹುಡುಗಿ ತಾನು ಬರೆದ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಒಂದೇ ಕೇಳಿದಳು: "ಎಷ್ಟ್ ಜನಕ್ಕೆ ಹಚ್ಚಿದೀಯ ಅಜ್ಜಿ?" ಬೆರಳು ಮಡಚಿ ಎಣಿಸಲು ಹೋದೆ, ಎರಡು ಕೈಯೂ ಸಾಲಲಿಲ್ಲ. ಅವಳು ಆ ಸಾಲಿನ ಮೇಲೆ ಗೆರೆ ಎಳೆದು, "ಇದ್ನೂ ಬರೀತೀನಿ. ಹಿಂಗೆ ಮರೆಮಾಚೋಕೆ ಬೇರೆ ಸೊಪ್ಪು ಸೇರ್ಸಿರ್ತಾರೆ, ಕೇಳಿ ತಿಳ್ಕೋಬೇಕು ಅಂತ. ನಿನ್ ಹೆಸ್ರು ಹಾಕಲ್ಲ ಬುಡು" ಅಂದಳು.

"ಆಕು. ನನ್ ಹೆಸ್ರು ಆಕೇ ಬರಿ" ಅಂದೆ. ಆಗ ನನ್ನ ಭುಜಕ್ಕೆ ತಲೆ ಕೊಟ್ಟು ಕೂತಳು. ಸುಳ್ಳು ಕಲಿಸಿದ ಅಜ್ಜಿಯ ಭುಜ ಇದು. ಆದರೂ ಅಷ್ಟು ಹಗುರವಾದದ್ದು ನೆನಪಿಲ್ಲ ನಾಗಮ್ಮ. ನಮ್ಮ ಮನೆಯ ಔಷಧಿ ಇನ್ನು ಮೇಲೆ ಸರಿಯಾಗಿ ಕಲಿತವಳ ಕೈಯಲ್ಲಿರುತ್ತದೆ.

ಈ ಕಾಗದ ತಲುಪಿದ ಮುಂದಿನ ಭಾನುವಾರ ನಾವಿಬ್ಬರೂ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಬರುತ್ತೇವೆ. ನಿನ್ನ ಚೆಂಡುಹೂವಿನ ಹೊಲದ ಬದುವಿನಲ್ಲೂ ಕೊಮ್ಮೆ ಇದ್ದೇ ಇರುತ್ತದೆ, ದಿನಾ ತುಳಿದುಕೊಂಡೇ ಓಡಾಡಿರುತ್ತೀಯ. ಅತ್ತೆ ನಿನಗೆ ಹೇಳು ಅಂದದ್ದನ್ನು ಕಿವಿಯಲ್ಲಿ ಹೇಳುವುದಿಲ್ಲ. ನಿನ್ನ ಸೊಸೆಯ ಮುಂದೆ, ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳುತ್ತೇನೆ. ಒಳಕ್ಕೆ ಕರೆಯದಿದ್ದರೆ ಜಗಲಿಯಲ್ಲೇ ಕೂತಿರುತ್ತೇನೆ.

ಇವತ್ತು ಬೆಳಿಗ್ಗೆ ಕೊಮ್ಮೆ ಒಂದನ್ನೇ ಅರೆದು ನನ್ನ ಮಂಡಿಗೆ ಹಚ್ಚಿಕೊಂಡೆ. ಇಷ್ಟು ವರ್ಷಕ್ಕೆ ಮೊದಲ ಸಲ.

ತಣ್ಣಗಿದೆ ನಾಗಮ್ಮ. ಅವತ್ತು ನೀನು ಹೇಳಿದ್ದೇ ಸರಿ.