ವಿಭೂತಿ ಹಚ್ಚಿಕೊಂಡ ಗ್ಯಾಸ್ ಒಲೆ

ತುಮಕೂರಿನ ಚಿಕ್ಕಪೇಟೆಯಲ್ಲಿ ನಾವಿದ್ದ ವಠಾರದಲ್ಲಿ ಮನೆಗೂ ಮನೆಗೂ ನಡುವೆ ಗೋಡೆಯೇನೋ ಇತ್ತು, ಆದರೆ ಅದು ಹೆಂಚಿನ ತನಕ ಮುಟ್ಟಿರಲಿಲ್ಲ. ಹಾಗಾಗಿ ಪಕ್ಕದ ಮನೆಯ ಸರ್ವಮಂಗಳಮ್ಮ ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ. ಅವಳ ಗಂಡ ಚನ್ನಬಸವಯ್ಯ ಅಲ್ಲಿ ಗೊಣಗಿದರೆ ನನ್ನ ಗಂಡ ಇಲ್ಲಿ ಹೂಂಗುಟ್ಟುತ್ತಿದ್ದರು. ಕದ್ದು ಕೇಳಿದೆ ಎಂದು ಯಾರೂ ನನ್ನ ಮೇಲೆ ಹೊರಿಸಬೇಡಿ. ಕೇಳಬಾರದು ಅಂದರೆ ಕಿವಿಗೆ ಹತ್ತಿ ತುರುಕಿಕೊಂಡು ಕೂರಬೇಕಿತ್ತು, ನನಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಸರ್ವಮಂಗಳಮ್ಮ ಗುಬ್ಬಿಯವಳು. ಕುಣಿಗಲ್ಲಿನ ತುಂಬಿದ ಮನೆಗೆ ಸೊಸೆಯಾಗಿ ಹೋಗಿ, ಅಲ್ಲಿ ಸೌದೆ ಒಲೆಯ ಮುಂದೆ ಕಣ್ಣು ಕೆಂಪು ಮಾಡಿಕೊಂಡು ಬೇಯಿಸಿ ಹಾಕಿ, ಗಂಡನಿಗೆ ತುಮಕೂರಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತಿಕೆ ಸಿಕ್ಕಿದ ಮೇಲೆ ೧೯೭೮ರಲ್ಲಿ ನಮ್ಮ ಪಕ್ಕಕ್ಕೆ ಬಂದಳು. ಹಾಲುಕ್ಕಿಸುವ ದಿನ ಅವಳ ಅಣ್ಣ ಅಡವಿಯಪ್ಪ ಗುಬ್ಬಿಯಿಂದ ಬಸ್ಸಿನ ಟಾಪಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಹೇರಿಸಿಕೊಂಡು ಬಂದ. ಕೊಬ್ಬರಿ ವ್ಯಾಪಾರದ ಮನುಷ್ಯ; ದನಿ ಗಟ್ಟಿ, ಹಠ ಅದಕ್ಕಿಂತ ಗಟ್ಟಿ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಹಿತ್ತಾಳೆಯ ಎರಡು ಬರ್ನರಿನ ಗ್ಯಾಸ್ ಒಲೆ! ಇಡೀ ವಠಾರ ಬಂದು ನೋಡಿತು. ನಾನಂತೂ ಎರಡು ಸಲ ನೋಡಿದೆ.

“ನನ್ನ ತಂಗಿ ಇನ್ಮ್ಯಾಕೆ ಹೊಗೆ ಕುಡಿಯಾಕಿಲ್ಲ,” ಎಂದ ಅಡವಿಯಪ್ಪ, ಎಲ್ಲರಿಗೂ ಕೇಳುವ ಹಾಗೆ.

ಚನ್ನಬಸವಯ್ಯ ಒಲೆಯ ಸುತ್ತ ಒಂದು ಸುತ್ತು ಬಂದು, ಗುಮಾಸ್ತರ ಧಾಟಿಯಲ್ಲಿ ಕೇಳಿದರು: “ಒಲೆ ಭರ್ಜರಿಯಾಗಿದೆ ಭಾವ. ಗ್ಯಾಸು ಎಲ್ಲಿ?”

ಜನ ಗೊಳ್ಳೆಂದರು. ಆ ಕಾಲದಲ್ಲಿ ಗ್ಯಾಸ್ ಕನೆಕ್ಷನ್ ಅಂದರೆ ಹೆಸರು ಬರೆಸಿ ಮರೆತುಬಿಡುವ ವಿಷಯ. ಅದು ಅಡವಿಯಪ್ಪನಿಗೂ ಗೊತ್ತಿತ್ತು. ಒಲೆ ಅಂಗಡಿಯಲ್ಲಿ ಸಿಕ್ಕಿತು, ತಂಗಿಯ ಕೆಂಪು ಕಣ್ಣು ನೆನಪಾಯಿತು, ಕೊಂಡುಬಿಟ್ಟಿದ್ದ. ಆದರೆ ತಂಗಿಯ ಗಂಡ ನಾಲ್ಕು ಜನರ ಮುಂದೆ ನಗಾಡಿದ್ದು ಅವನಿಗೆ ನಾಟಿತು.

“ಬತ್ತದೆ ಕಣ್ರೀ! ಇನ್ನೆರಡು ತಿಂಗ್ಳಲ್ಲಿ ಗ್ಯಾಸೂ ಬತ್ತದೆ. ಈ ಒಲೆ ಮ್ಯಾಲೆ ಕಾಸೋಗಂಟ ನಾನು ಈ ಮನೇಲಿ ಕಾಫಿ ಮುಟ್ಟಾಕಿಲ್ಲ, ಬರ್ಕೊಳ್ಳಿ!”

ಯಾರೂ ಬರೆದುಕೊಳ್ಳಲಿಲ್ಲ, ಆದರೆ ಎಲ್ಲರಿಗೂ ನೆನಪಿತ್ತು.

ಎರಡು ತಿಂಗಳು ಕಳೆದವು, ವರ್ಷಗಳೂ ಕಳೆದವು. ಅಡವಿಯಪ್ಪ ಕೊಬ್ಬರಿ ಮಾರಲು ಮಂಡಿಗೆ ಬಂದಾಗಲೆಲ್ಲ ತಂಗಿಯ ಮನೆಗೆ ಬರುತ್ತಿದ್ದ. ಊಟ ಮಾಡುತ್ತಿದ್ದ, ಮಜ್ಜಿಗೆ ಕುಡಿಯುತ್ತಿದ್ದ, ಹೋಳಿಗೆ ಮಾಡಿದ್ದರೆ ಇನ್ನೊಂದು ಕೇಳಿ ಹಾಕಿಸಿಕೊಳ್ಳುತ್ತಿದ್ದ. ಕಾಫಿ ಮಾತ್ರ ಇಲ್ಲ. ಹಾಗೆಂದು ಕಾಫಿ ಬಿಟ್ಟ ಮನುಷ್ಯನಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬರುವಾಗ ಒಂದು, ಹೋಗುವಾಗ ಒಂದು ಇಳಿಸುತ್ತಿದ್ದ. ಒಂದು ದಿನ ಅವನು ಅತ್ತ ಹೋದದ್ದೇ ತಡ, ಇತ್ತ ಸರ್ವಮಂಗಳಮ್ಮ ನನ್ನ ಹತ್ತಿರ ಬಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಒಡಹುಟ್ಟಿದೋನು ಹೋಟ್ಲಲ್ಲಿ ಕಾಫಿ ಕುಡ್ದು ನಮ್ಮನೇಗೆ ಬಂದು ನೀರು ಕೇಳ್ತಾನಲ್ಲ ಗಂಗಕ್ಕ, ನಾನೇನು ಹಾಲಿಗೆ ಗತಿಯಿಲ್ಲದೋಳಾ?”

“ಮಾತು ತಪ್ಪು ಅಂತ ಹೇಳೇ,” ಎಂದೆ.

“ಮಾತು ತಪ್ಪೋ ಹಂಗಿದ್ರೆ ಅವನು ನಮ್ಮಣ್ಣ ಹೆಂಗಾಗ್ತಿದ್ದ?” ಎಂದಳು. ಅಳುವಾಗಲೂ ಅವಳಿಗೆ ಅದರಲ್ಲೊಂದು ಜಂಬ.

ಒಲೆ ಮಾತ್ರ ನಡುಮನೆಯ ಮೇಜಿನ ಮೇಲೆ ಕ್ರೋಶಾ ಬಟ್ಟೆ ಹೊದ್ದು ಕೂತಿತ್ತು. ತವರಿನಿಂದ ಬಂದದ್ದು, ಅದೂ ಬೆಂಕಿಗೆ ಸಂಬಂಧಪಟ್ಟದ್ದು. ಸುಮ್ಮನೆ ಇಟ್ಟರೆ ಆದೀತೇ? ಸೋಮವಾರ ಶುಕ್ರವಾರ ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಎರಡು ಬರ್ನರಿನ ಮೇಲೂ ಒಂದೊಂದು ಹೂ ಇಡುತ್ತಿದ್ದಳು. ಬರ್ನರಿನ ತೂತುಗಳಂತೂ ಊದುಬತ್ತಿ ಸಿಕ್ಕಿಸಲು ಹೇಳಿ ಮಾಡಿಸಿದ ಹಾಗಿದ್ದವು. ಆ ಉಪಾಯ ಗಂಗಕ್ಕನದೇ ಎಂದು ಅವಳು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಇರಬಹುದು, ನನಗೆ ನೆನಪಿಲ್ಲ.

ಕೊನೆಗೆ ೧೯೮೫ರಲ್ಲಿ ಕನೆಕ್ಷನ್ ಬಂತು. ಕೆಂಪು ಸಿಲಿಂಡರ್ ಸೈಕಲ್ ಗಾಡಿಯಿಂದ ಇಳಿದಾಗ ಸರ್ವಮಂಗಳಮ್ಮ ಅದಕ್ಕೆ ಆರತಿ ಎತ್ತುವುದೊಂದು ಬಾಕಿ. ಜೋಡಿಸಲು ಬಂದವನು ಕ್ರೋಶಾ ಬಟ್ಟೆ ತೆಗೆದು, ಒಲೆಯ ಕಿವಿ ತಿರುಗಿಸಲು ನೋಡಿದ. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ರಬ್ಬರ್ ಪೈಪು ಮುಟ್ಟಿದ ಕೂಡಲೇ ಪುಡಿಯಾಯಿತು. ಬಗ್ಗಿ ಮೂಸಿದ.

“ಏನಮ್ಮಾ, ಒಲೆ ಗಮಗಮ ಅಂತದೆ! ಇದಕ್ಕೆ ನಾನು ಗ್ಯಾಸ್ ಕೊಡಲ್ಲ. ಹೊಸದು ತಂದಿಟ್ಕೊಳ್ಳಿ, ಬಂದು ಹಾಕ್ಕೊಡ್ತೀನಿ,” ಎಂದು ಹೊರಟ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಷ್ಟು ವರ್ಷ ಒಲೆ ಇತ್ತು, ಗ್ಯಾಸ್ ಇರಲಿಲ್ಲ. ಈಗ ಗ್ಯಾಸ್ ಇತ್ತು, ಒಲೆ ಇರಲಿಲ್ಲ. ಚನ್ನಬಸವಯ್ಯನಿಗೆ ನಗು ಉಕ್ಕಿ ಬಂತು, ಹೆಂಡತಿಯ ಮುಖ ನೋಡಿ ತಡೆದುಕೊಂಡರು. ಸಂಜೆ ಗೋಡೆಯ ಮೇಲಿಂದ ಮಾತು ಬಂತು.

“ಅಂಗಡೀಲಿ ಹೊಸ ಸ್ಟೀಲ್ ಒಲೆ ನೋಡ್ಕೊಂಡು ಬಂದಿದೀನಿ. ಕನ್ನಡಿ ಇದ್ದಂಗಿದೆ ಮಂಗ್ಳಾ.”

“ನನಗೆ ಕನ್ನಡಿ ಇದೆ.”

“ರಿಪೇರಿಗೆ ಸುರಿಯೋ ದುಡ್ಡಿಗೆ ಸ್ವಲ್ಪ ಸೇರಿಸಿದ್ರೆ ಹೊಸದೇ ಬರುತ್ತೆ ಕಣೇ.”

“ಹೊಸದು ಬರುತ್ತೆ. ನಮ್ಮಣ್ಣ ಕಾಫಿ ಕುಡೀತಾನಾ?”

ಈ ಕಡೆ ನನ್ನ ಗಂಡ ಮೆಲ್ಲಗೆ, “ಪಾಯಿಂಟು,” ಎಂದರು. ನನ್ನನ್ನು ಕೇಳಿದ್ದರೆ ನಾನು ಚನ್ನಬಸವಯ್ಯನ ಪಕ್ಷ. ಹಳೆಯದನ್ನು ಪಾತ್ರೆ ಮಾರುವವಳಿಗೆ ಹಾಕಿ ಒಂದು ಸ್ಟೀಲ್ ಬೋಸಿ ತೆಗೆದುಕೊಂಡು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ನನ್ನಣ್ಣ ನನಗೆ ಒಲೆ ಕೊಡಿಸಿರಲಿಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಹೇಳುತ್ತಿದ್ದೆನೋ ಏನೋ.

ಸರ್ವಮಂಗಳಮ್ಮ ಜಗಳವಾಡುವ ಹೆಂಗಸಲ್ಲ. ತುಂಬಿದ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡು ಸೀಮೆಎಣ್ಣೆ ಸ್ಟೌ ಪಂಪು ಹೊಡೆಯುತ್ತಾ ಕೂತಳು. ದಿನಾ ಬೆಳಗ್ಗೆ, ಗಂಡ ಶೇವ್ ಮಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ, ಬೇಕಾದ್ದಕ್ಕಿಂತ ಜೋರಾಗಿ. ಆ ಪಂಪಿನ ಸದ್ದಿಗೆ ನಾವೂ ಸುಸ್ತಾದೆವು. ಕೊನೆಗೆ ಚನ್ನಬಸವಯ್ಯ ಒಲೆಯನ್ನು ಗೋಣಿಚೀಲಕ್ಕೆ ತುಂಬಿ ಸೈಕಲ್ ಕ್ಯಾರಿಯರ್‌ಗೆ ಕಟ್ಟಿದರು. ಹಿಂದೆ ಅದನ್ನು ಹಿಡಿದುಕೊಂಡು ಸರ್ವಮಂಗಳಮ್ಮ, ಅವಳ ಹಿಂದೆ ನಾನು.

ಮಂಡಿಪೇಟೆಯ ಮೂಲೆಯಲ್ಲಿ ಬೆಟ್ಟಸ್ವಾಮಿಯ ರಿಪೇರಿ ಅಂಗಡಿ. ಪಂಪ್ ಸ್ಟೌ, ಪೆಟ್ರೋಮ್ಯಾಕ್ಸು, ಕೊಡೆ, ಟಾರ್ಚು ಎಲ್ಲ ಮಾಡುತ್ತಿದ್ದ. ಬಾಯಿ ಮಾತ್ರ ಕೈಗಿಂತ ಮುಂದು. ಚೀಲ ಬಿಚ್ಚುವ ಮೊದಲೇ, “ಇದು ವಾಷರ್ ಪ್ರಾಬ್ಲಮ್ಮು, ಕಣ್ಮುಚ್ಚಿ ಹೇಳ್ತೀನಿ,” ಎಂದ. ಕಣ್ಣು ಬಿಟ್ಟು ನೋಡಿದ ಮೇಲೆ ವಾಷರಿನ ಮಾತು ಬಿಟ್ಟು ಸೂಜಿ ಹುಡುಕಿದ. ಒಂದು ತೂತಿನಿಂದ ಸೂಜಿ ಹಾಕಿ ಊದುಬತ್ತಿಯ ಕಡ್ಡಿ ಎಳೆದ. ಇನ್ನೊಂದರಿಂದ ಇನ್ನೊಂದು. ಬರ್ನರ್ ಬಿಚ್ಚಿ ಕಾಗದದ ಮೇಲೆ ತಟ್ಟಿದರೆ ವಿಭೂತಿ, ಕುಂಕುಮ, ಬೂದಿ ಎಲ್ಲ ಕಲೆತು ಒಂದು ಹಿಡಿ ಉದುರಿತು. ಅದರ ಮೇಲೆ ಒಣಗಿದ ಒಂದು ಸೇವಂತಿಗೆ.

“ಇದೇನಮ್ಮಾ ಒಲೆನೋ ಗುಡಿನೋ?” ಎಂದ ಬೆಟ್ಟಸ್ವಾಮಿ. “ತುಕ್ಕು ಹಿಡ್ದಿರೋ ಒಲೆ ನೋಡಿದೀನಿ, ಇಲಿ ಕಡ್ದಿರೋದು ನೋಡಿದೀನಿ. ಪೂಜೆ ಮಾಡಿ ಕೊಂದಿರೋದು ಇದೇ ಮೊದ್ಲು.”

ಸರ್ವಮಂಗಳಮ್ಮನ ಮುಖ ಇಷ್ಟಾಯಿತು. ಅಣ್ಣನ ಒಲೆ ಕೆಡಬಾರದೆಂದು ಅವಳು ಮಾಡಿದ್ದೆಲ್ಲ ಸೇರಿ ಅದನ್ನು ಕೆಡಿಸಿತ್ತು. ನನಗೆ ಊದುಬತ್ತಿಯ ವಿಷಯ ನೆನಪಾಗಿ ಪಕ್ಕದ ಬಳೆ ಅಂಗಡಿಯ ಕಡೆ ನೋಡಿದೆ.

ಬೆಟ್ಟಸ್ವಾಮಿ ಲೆಕ್ಕ ಒಪ್ಪಿಸಿದ: ಎರಡು ಬರ್ನರೂ ಹೊಸದು, ಕಿವಿ ಎರಡೂ ಹೊಸದು, ಒಳಗಿನ ಪೈಪು, ಹೊರಗಿನ ಪೈಪು, ಕೆಳಗಿನ ತಗಡು. ಹೊಸ ಒಲೆಗಿಂತ ಸ್ವಲ್ಪವೇ ಕಡಿಮೆ. ಚನ್ನಬಸವಯ್ಯನಿಗೆ ಇದೇ ಬೇಕಿತ್ತು.

“ಎಲ್ಲಾ ಬದಲಾಯಿಸಿದ್ಮೇಲೆ ಅದು ನಿಮ್ಮಣ್ಣ ಕೊಟ್ಟ ಒಲೆ ಹೆಂಗಾಗುತ್ತೆ ಮಂಗ್ಳಾ? ನೀನೇ ಹೇಳು.”

“ಹೋದ ವರ್ಷ ಮುಂದಿನ ಹಲ್ಲೆಲ್ಲ ಕೀಳಿಸಿ ಕಟ್ಟಿಸ್ಕೊಂಡ್ರಲ್ಲ, ನೀವು ನಮ್ಮಪ್ಪ ಹುಡುಕಿ ಕೊಟ್ಟ ಗಂಡ ಹೌದೋ ಅಲ್ಲವೋ?”

ಬೆಟ್ಟಸ್ವಾಮಿ ಸ್ಪ್ಯಾನರ್ ಕೆಳಗಿಟ್ಟು ನಕ್ಕ. ಬಳೆ ಅಂಗಡಿಯವಳೂ ನಕ್ಕಳು. ಚನ್ನಬಸವಯ್ಯ ಬಾಯಿ ಮುಚ್ಚಿಕೊಂಡರು, ಹಲ್ಲು ಕಾಣದಿರಲಿ ಎಂದೋ ಏನೋ. ಆದರೆ ಅವರೂ ಸಂಸಾರಸ್ಥರು, ಸಂಬಳ ಎಷ್ಟೆಂದು ಸರ್ವಮಂಗಳಮ್ಮನಿಗೂ ಗೊತ್ತು. ಅವಳು ಒಲೆಯನ್ನು ಸ್ವಲ್ಪ ಹೊತ್ತು ನೋಡಿದಳು.

“ಒಂದು ಕಡೆ ಮಾತ್ರ ಮಾಡಿದ್ರೆ?”

“ಅಂದ್ರೆ?”

“ಒಂದು ಬರ್ನರ್ರು ಸಾಕು. ಎರಡರಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನೇ ತೊಳ್ದು ಹಾಕಿ, ಹೊಸದು ಬೇಡ. ಇನ್ನೊಂದು ಕಡೆ ಗಟ್ಟಿಯಾಗಿ ಮುಚ್ಚಿಬಿಡಿ. ಒಂದು ಲೋಟ ಕಾಫಿಗೆ ಎಷ್ಟು ಬೆಂಕಿ ಬೇಕು?”

ಬೆಟ್ಟಸ್ವಾಮಿ ಗಂಡನ ಮುಖ ನೋಡಿದ. ಗಂಡ ಮನಸ್ಸಿನಲ್ಲೇ ಗುಣಿಸಿ ಭಾಗಿಸಿ, “ಮಾಡಪ್ಪಾ,” ಎಂದರು. ಹೇಳುವಾಗ ಸೋತವರ ಹಾಗೇನೂ ಕಾಣಲಿಲ್ಲ. ದಾರಿಯಲ್ಲಿ ಬರುವಾಗ ಸೈಕಲ್ ತಳ್ಳುತ್ತಾ, “ಅವತ್ತು ನಾನು ಗ್ಯಾಸು ಎಲ್ಲಿ ಅಂತ ಕೇಳಬಾರದಿತ್ತು ಗಂಗಮ್ಮನೋರೆ,” ಎಂದು ನನಗೆ ಹೇಳಿದರು. ಯಾರಿಗೆ ಹೇಳಬೇಕಿತ್ತೋ ಅವಳು ಪಕ್ಕದಲ್ಲೇ ಇದ್ದಳು. ಗಂಡಸರು ಹಾಗೇ.

ಬೆಟ್ಟಸ್ವಾಮಿ ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಓಡಾಡಿಸಿ ಕೊನೆಗೂ ಮಾಡಿಕೊಟ್ಟ. ಜೋಡಿಸುವವನು ಮತ್ತೆ ಬಂದು, ಸೋಪಿನ ನೊರೆ ಹಚ್ಚಿ ಎಲ್ಲೂ ಗ್ಯಾಸ್ ಸೋರುತ್ತಿಲ್ಲವೆಂದು ನೋಡಿ, ಕಡ್ಡಿ ಗೀರಿದ. ನೀಲಿ ಬೆಂಕಿ ಗುಂಡಗೆ ಎದ್ದು ನಿಂತಿತು. ಜೊತೆಗೆ ಮೈಸೂರು ಊದುಬತ್ತಿಯ ವಾಸನೆಯೂ ಬಂತು, ಅದು ಎರಡು ದಿನ ಹೋಗಲಿಲ್ಲ. ಸರ್ವಮಂಗಳಮ್ಮ ಅದರ ಮೇಲೆ ಏನನ್ನೂ ಇಡದೆ ಆರಿಸಿಬಿಟ್ಟಳು. ಮೊದಲ ಹಾಲು ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು.

ಗುಬ್ಬಿಗೆ ಹೇಳಿಕಳುಹಿಸಿದ್ದಾಯಿತು. ಅಡವಿಯಪ್ಪ ಬಂದ. ಬಾಗಿಲಲ್ಲೇ ನಿಂತು, “ಹೋಟ್ಲು ಕಡೆ ತಿರುಗೂ ನೋಡ್ನಿಲ್ಲ ಕಣವ್ವ, ಸೀದಾ ಬಂದಿವ್ನಿ,” ಎಂದ. ತಲೆಯಲ್ಲಿ ಅರ್ಧಕ್ಕರ್ಧ ಕೂದಲು ನೆರೆತಿತ್ತು. ಒಲೆ ತಂದ ದಿನ ಒಂದೂ ನೆರೆತಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಚಾಪೆ ಹಾಕಿ ಕೂರಿಸಿದರು. ಸರ್ವಮಂಗಳಮ್ಮ ಒಲೆ ಹಚ್ಚಿ ಹಾಲಿಟ್ಟಳು. ಹಾಲು ಉಕ್ಕಲಿ ಎಂದು ಬಿಟ್ಟಳು, ಉಕ್ಕಿತು. ಕಾಫಿ ಬೆರೆಸಿ ಲೋಟ ಕೈಗೆ ಕೊಟ್ಟಳು.

ಅಡವಿಯಪ್ಪ ಲೋಟ ಹಿಡಿದುಕೊಂಡು ಸುಮ್ಮನೆ ಕೂತ. ಕುಡಿಯಲೇ ಇಲ್ಲ.

“ಯಾಕಣ್ಣಾ?”

“ಬಿಸಿ,” ಎಂದ. ಕಣ್ಣು ತುಂಬಿತ್ತು. ಅದು ಬಿಸಿಗಲ್ಲವೆಂದು ಹೇಳಬೇಕಾಗಿಲ್ಲ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಆಮೇಲೆ ಒಂದೇ ಗುಕ್ಕಿಗೆ ಕುಡಿದು ಲೋಟ ಕೆಳಗಿಟ್ಟ.

“ಹೋಟ್ಲುದೇ ಚೆಂದಾಗಿತ್ತು ಬುಡು,” ಎಂದ. ಎಲ್ಲರೂ ನಕ್ಕ ಮೇಲೆ ಲೋಟವನ್ನು ಮತ್ತೆ ತಂಗಿಯ ಕಡೆ ಚಾಚಿದ. ಈ ಸಲ ಬಗ್ಗಿಸಿ ಕೊಟ್ಟವರು ಚನ್ನಬಸವಯ್ಯ.

ಮುಂದಿನ ಶುಕ್ರವಾರ ಸರ್ವಮಂಗಳಮ್ಮನ ಕೈ ಅಭ್ಯಾಸಬಲದಿಂದ ವಿಭೂತಿ ತೆಗೆದುಕೊಂಡು ಒಲೆಯ ಹತ್ತಿರ ಹೋಯಿತು, ಬೆಟ್ಟಸ್ವಾಮಿಯ ಮಾತು ನೆನಪಾಗಿ ನಿಂತಿತು. ಹಿಡಿದ ವಿಭೂತಿಯನ್ನು ಮತ್ತೆ ಡಬ್ಬಿಗೆ ಹಾಕುವುದೇ? ಅವಳು ಕೆಳಗೆ ಬಗ್ಗಿ ಸಿಲಿಂಡರಿಗೆ ಮೂರು ಪಟ್ಟೆ ಎಳೆದು ಮಧ್ಯೆ ಕುಂಕುಮ ಇಟ್ಟಳು. ಅದಕ್ಕೆ ತೂತಿಲ್ಲ, ಮುಚ್ಚಿಹೋಗುವುದೇನೂ ಇಲ್ಲ. ಅಂದಿನಿಂದ ನಮ್ಮ ವಠಾರದಿಂದ ವಾಪಸು ಹೋಗುವ ಖಾಲಿ ಸಿಲಿಂಡರ್ ಅಯ್ಯನವರ ಹಾಗೆ ಹಣೆ ತುಂಬ ವಿಭೂತಿ ಧರಿಸಿಯೇ ಗಾಡಿ ಹತ್ತುತ್ತಿತ್ತು. ಗಾಡಿಯವನು ಮೊದಮೊದಲು ಒರೆಸುತ್ತಿದ್ದ, ಆಮೇಲೆ ಬಿಟ್ಟುಬಿಟ್ಟ.

ಇನ್ನೊಂದು ವಿಷಯ ನಮಗೆ ತಿಳಿದದ್ದು ಬಹಳ ತಡವಾಗಿ. ಅಡವಿಯಪ್ಪನ ಸ್ವಂತ ಮನೆಯಲ್ಲಿ ಅಷ್ಟು ದಿನವೂ ಸೌದೆ ಒಲೆಯೇ ಉರಿಯುತ್ತಿತ್ತು. ತಂಗಿಗೆ ಒಲೆ ಕೊಂಡ ಮನುಷ್ಯ ತನ್ನ ಹೆಂಡತಿಗೆ ಕೊಂಡಿರಲಿಲ್ಲ, ಹೆಸರನ್ನೂ ಬರೆಸಿರಲಿಲ್ಲ. ಆ ಕಾಫಿ ಕುಡಿದ ಮೇಲೆಯೇ ಹೋಗಿ ಬರೆಸಿದನಂತೆ. ಎಂಬತ್ತೊಂಬತ್ತರಲ್ಲಿ ಅವನ ಮನೆಗೂ ಸಿಲಿಂಡರ್ ಬಂತು, ತುಮಕೂರಿನಿಂದ ಹೋದ ಲಾರಿಯಲ್ಲಿ. ಅದರ ಕತ್ತಿನ ಕೆಳಗೆ ಮಾಸಿದ ಮೂರು ಬಿಳಿ ಗೆರೆಗಳಿದ್ದುವಂತೆ. ಖಾಲಿ ಸಿಲಿಂಡರ್ ಎಲ್ಲೆಲ್ಲಿಗೋ ಹೋಗಿ ತುಂಬಿಸಿಕೊಂಡು ಬರುತ್ತದೆ, ಯಾರದು ಯಾರ ಮನೆಗೋ, ಆ ಗೆರೆ ಸುಣ್ಣವಿರಬಹುದು, ಲಾರಿಯಲ್ಲಿ ಉಜ್ಜಿದ್ದಿರಬಹುದು ಎಂದು ನಾನು ವಾದ ಮಾಡಿದೆ. ಅವನ ಹೆಂಡತಿಯೂ ಅದನ್ನು ಗಲೀಜೆಂದೇ ತಿಳಿದು ಒದ್ದೆ ಬಟ್ಟೆ ತಂದಳಂತೆ.

“ಒರೆಸಬ್ಯಾಡ ಕಣೇ,” ಎಂದನಂತೆ ಅಡವಿಯಪ್ಪ. “ನನ್ನ ತಂಗಿ ಕಳ್ಸವ್ಳೆ. ಮೊದ್ಲು ಕಾಫಿ ಇಡು.”