ಜಗಲಿಯ ತಗಡು ಜುಮ್ಮೆಂದಾಗ

ಶೇಖಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಪುಣ್ಯಕ್ಕೆ ಅದೆಲ್ಲ ಸ್ವಿಚ್ ಬೋರ್ಡುಗಳ ಮೇಲೆ, ಮನುಷ್ಯರ ಮೇಲಲ್ಲ. ಯಾರದಾದರೂ ಹಳೇ ಮನೆಗೆ ಕಾಲಿಟ್ಟರೆ ಸಾಕು, ಚಹಾ ಕೈಗೆ ಬರುವ ಮೊದಲೇ ಗೋಡೆ ನೋಡಿ, "ಏ ಖೋಡಿ, ನಿನ್ನ ಯಾವ ಪುಣ್ಯಾತ್ಮ ಕೂಡಿಸ್ಯಾನೋ ಇಲ್ಲಿ!" ಎಂದು ಪ್ಲಗ್ಗಿಗೆ ಬೈಯಲು ಶುರು ಮಾಡುತ್ತಾನೆ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ವೈರಮನ್ ಆಗಿದ್ದವನು. ನಿವೃತ್ತಿಯಾದ ಮೇಲೆ ಬಂಗೂರನಗರದ ಮನೆಯಲ್ಲಿ ಕೂತರೆ ಹೆಂಡತಿ ನಿರ್ಮಲಾಳ ಮಿಕ್ಸರನ್ನೂ ಬಿಚ್ಚಿ ಹರವುತ್ತಾನೆ. ಅದಕ್ಕೇ ಅವಳೇ ಬುತ್ತಿ ಕಟ್ಟಿ ಹೊರಗೆ ಅಟ್ಟುತ್ತಾಳೆ. ಹಳಿಯಾಳ, ಮುಂಡಗೋಡ ಕಡೆಯ ಹಳೇ ಮನೆಗಳ ವೈರಿಂಗೆಲ್ಲ ಈಗ ಅವನದೇ ಉಸಾಬರಿ. ಅಂಗಿಯ ಜೇಬಿನಲ್ಲಿ ಮಂದಿ ಪೆನ್ನು ಇಟ್ಟುಕೊಂಡರೆ ಇವನು ಟೆಸ್ಟರ್ ಇಟ್ಟುಕೊಳ್ಳುತ್ತಾನೆ. ಮದುವೆಗೆ ಹೋದರೂ ಅಷ್ಟೇ.

ಆದರೆ ಒಂದು ಮದುವೆಯಲ್ಲಿ ಮಾತ್ರ ಆ ಟೆಸ್ಟರನ್ನು ಅವನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಹಳಿಯಾಳದ ತಾಯವ್ವನ ಮನೆಗೆ ವೈರಿಂಗ್ ಮಾಡಿದ್ದು ಶೇಖಪ್ಪನೇ. ಆಗಿನ್ನೂ ಮಿಲ್ಲಿಗೆ ಸೇರಿದ ಹೊಸತು. ರಜೆಯ ದಿನ ಬಂದು ಕಟ್ಟಿಗೆಯ ಪಟ್ಟಿ ಹೊಡೆದು, ಅದರ ಮೇಲೆ ನೂಲು ಹಿಡಿದಷ್ಟು ನೇರವಾಗಿ ವೈರು ಎಳೆದಿದ್ದ. ತಾಯವ್ವ ಬಿಸಿ ರೊಟ್ಟಿ, ಝುಣಕ ಬಡಿಸಿದ್ದಳು. ಅಂದಿನಿಂದ ಅವಳು ಅವನಿಗೆ "ಅವ್ವಾರು". ಆ ಕಾಲದಲ್ಲಿ ದೀಪದ ಲೈನಿಗೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವೈರು, ಎಳೆಯುವವರು ಯಾರಿದ್ದರು? ಇವನೂ ಎಳೆಯಲಿಲ್ಲ.

ಈ ಬೇಸಿಗೆಯಲ್ಲಿ ತಾಯವ್ವನ ಮೊಮ್ಮಗಳು ಸಹನಾಳ ಮದುವೆ. ಮನೆಗೆ ಸುಣ್ಣಬಣ್ಣವಾಯಿತು. ವೀರಭದ್ರನ ಮೂರ್ತಿ ಕೂತಿರುವ ದೇವರ ಜಗಲಿಗೆ ಥಳಥಳ ಹೊಳೆಯುವ ಹಿತ್ತಾಳೆ ತಗಡನ್ನು ಮೊಳೆ ಹೊಡೆದು ಕೂಡಿಸಿದರು. ಶೇಖಪ್ಪ ತನ್ನ ಉಡುಗೊರೆಯೆಂದು ಹೊಸ ಟ್ರಿಪ್ಪರ್ ತಂದು ಮೀಟರಿನ ಪಕ್ಕ ಕೂಡಿಸಿದ. ಎಲ್ಲಾದರೂ ಕರೆಂಟು ಸೋರಿದರೆ ಟಕ್ಕನೆ ಲೈನು ಕಡಿದು ಜೀವ ಉಳಿಸುವ ಡಬ್ಬಿ ಅದು. ಮರುದಿನ ನೆಲ, ಜಗಲಿ ತೊಳೆದರೋ ಇಲ್ಲವೋ, ಟಕ್! ಶೇಖಪ್ಪ ಡಬ್ಬಿಯ ಸ್ವಿಚ್ಚು ಎತ್ತಿದ. ಮತ್ತೆ ಟಕ್! ಮನೆ ತುಂಬ ಬೀಗರು, ಫ್ಯಾನು ನಿಂತಿದೆ, ಯಾರೋ ಕಿಸಕ್ಕನೆ ನಕ್ಕರು. ಶೇಖಪ್ಪನ ಕಿವಿ ಕೆಂಪಾದವು.

"ಪೀಸ ಖರಾಬ ಐತಿ," ಎಂದವನೇ ಡಬ್ಬಿ ಕಿತ್ತು ವೈರು ಡೈರೆಕ್ಟ್ ಜೋಡಿಸಿದ. "ಮದಿವಿ ಮುಗೀಲಿ, ಬ್ಯಾರೆ ತಂದು ಹಾಕ್ತೇನಿ."

ತನ್ನ ಕೈಯ ವೈರಿಂಗಿನಲ್ಲಿ ದೋಷವಿರಬಹುದೆಂಬ ಅನುಮಾನ ಆ ಮಹಾಶಯನಿಗೆ ಬರಲೇ ಇಲ್ಲ. ಮದುವೆ ಮುಗಿಯಿತು. ಡಬ್ಬಿಯ ಮಾತು ಮರೆತೂ ಹೋಯಿತು.

ಎರಡು ತಿಂಗಳಾದ ಮೇಲೆ ಸಹನಾ ಗಂಡನ ಮನೆಯಿಂದ ಫೋನ್ ಮಾಡಿದಳು. "ಕಾಕಾ, ಅಜ್ಜಿ ಪ್ರತಿ ಮಂಗಳವಾರ ಹನಿ ನೀರೂ ಮುಟ್ಟವಲ್ಲಳಂತ. ಯಾಕಂತ ಕೇಳಿದ್ರ ನನಗ ಹೇಳಂಗಿಲ್ಲ. ನೀವಾರ ಹೋಗಿ ಕೇಳ್ರಿ."

ಅವತ್ತೇ ಶೇಖಪ್ಪ ಬಸ್ಸು ಹತ್ತಿದ. ತಾಯವ್ವ ಅರ್ಧ ಇಳಿದುಹೋಗಿದ್ದಳು. ಅವನನ್ನು ಹತ್ತಿರ ಕರೆದು ಪಿಸುಗುಟ್ಟಿದಳು.

"ವೀರಭದ್ರ ನನ್ನ ಮ್ಯಾಲೆ ಸಿಟ್ಟಾಗ್ಯಾನಪಾ. ನಮ್ಮ ಮನಿತನದಾಗ ಮದಿವಿ ಮುಂದ ಬೆಂಕಿ ಕೊಡ ಹೊತ್ತು ಗುಗ್ಗಳ ಮಾಡಬೇಕು. ಮಂಗಲ ಕಾರ್ಯಾಲಯದಾಗ ಟೈಮ್ ಇಲ್ಲಂತ ಬಿಟ್ವಿ. ಆಗಿಂದ ಜಗಲಿ ಮುಟ್ಟಿದ್ರ ಕೈ ಜುಮ್ಮ್ ಅಂತೈತಿ. ಮಡೀಲೆ ಒದ್ದಿ ಸೀರ್ಯಾಗ ಇದ್ದಾಗಂತೂ ಮೊಳಕೈ ತನಕ ಏರ್ತೈತಿ."

ಶೇಖಪ್ಪ ಜಗಲಿಯ ಕಡೆ ತಿರುಗಿ ನೋಡಿದ. "ಎಲ್ಲಿ ನಿಂತು ಮುಟ್ಟತೀರಿ ಅವ್ವಾರ?"

"ಕಟ್ಟಿಗಿ ಮಣಿ ಮ್ಯಾಲೆ. ಆದ್ರ ನಾಳಿಂದ ಮಣಿ ಬಿಟ್ಟೆ. ನಲವತ್ತೊಂದು ದಿನ ಒದ್ದಿ ಸೀರ್ಯಾಗ ನೆಲದ ಮ್ಯಾಲೆ ನಿಂತು ಪೂಜಿ ಮಾಡ್ತೇನಿ ಅಂತ ಹರಕಿ ಹೊತ್ತೇನಿ."

ನಾಳಿಂದ! ಶೇಖಪ್ಪ ಗಡಬಡಿಸಿ ಎದ್ದ. ಟೆಸ್ಟರ್ ತೆಗೆದು ಹಿತ್ತಾಳೆ ತಗಡಿಗೆ ಇಟ್ಟ. ಟೆಸ್ಟರಿನ ದೀಪ ಕೆಂಪಗೆ ಉರಿಯಿತು. ಓಡಿಹೋಗಿ ಮೇನ್ ಇಳಿಸಿದ. ತಗಡು ಎಬ್ಬಿಸಿ ನೋಡಿದರೆ ಒಂದು ಮೊಳೆ ಅದರಡಿ ಹಾದಿದ್ದ ಅವನದೇ ಹಳೇ ವೈರನ್ನು ಸೀಳಿ ಕೂತಿತ್ತು. ಒಣ ಕಟ್ಟಿಗೆಯ ಮಣೆ ಇಲ್ಲದಿದ್ದರೆ ತಾಯವ್ವ ಎಂದೋ ಹೋಗುತ್ತಿದ್ದಳು. ಪಾಪದ ಆ ಡಬ್ಬಿ ಮದುವೆಗೆ ಮೊದಲು ಬಡಕೊಂಡದ್ದು ಇದನ್ನೇ, ತಾನು ಅದರ ಬಾಯಿ ಮುಚ್ಚಿದ್ದೆ ಎಂದು ಅವನಿಗೆ ಆಗ ಹೊಳೆಯಿತು.

ಸದ್ದಿಲ್ಲದೆ ರಿಪೇರಿ ಮಾಡಿ ಹೋಗಬಹುದಿತ್ತು. ಆದರೆ ಮುದುಕಿಯ ಉಪವಾಸ? ಹರಕೆ? ಅವನು ಅವಳ ಮುಂದೆ ನೆಲಕ್ಕೆ ಕೂತು ಮೊಳೆ, ವೈರು, ಡಬ್ಬಿ ಎಲ್ಲದರ ಕಥೆ ಹೇಳಿದ. "ತಪ್ಪು ನಂದ್ರಿ ಅವ್ವಾರ. ನಿಮ್ಮ ಜೀವಾನ ತಗೀತಿದ್ದೆ."

ತಾಯವ್ವ ಜಗಲಿಯತ್ತ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಹಂಗಾರ ವೀರಭದ್ರ ಸಿಟ್ಟಾಗಿಲ್ಲ?"

"ಇಲ್ರೀ."

"ಖರೇನ?"

"ಖರೇನ್ರಿ. ಸಿಟ್ಟಾಗೂದಾದ್ರ ನನ್ನ ಮ್ಯಾಲೆ ಆಗಬೇಕು."

"ಎಲಾ ಮೂಳಾ!" ಎಂದು ಅವಳು ಅವನ ಬೆನ್ನಿಗೊಂದು ಗುದ್ದಿದಳು. ನಗುತ್ತಿದ್ದಳು, ಕಣ್ಣಿಂದ ದಳದಳ ನೀರು ಸುರಿಯುತ್ತಿತ್ತು. "ಮೊಮ್ಮಗಳಿಗೆ ಏನ್ ಕಾದೈತೋ ಅಂತ ಎರಡು ತಿಂಗಳು ನಿದ್ದಿ ಇಲ್ಲ ನನಗ. ಒಂದು ಮೊಳಿ ಸಲುವಾಗಿ!"

ನಾಲ್ಕು ದಿನ ಶೇಖಪ್ಪ ಆ ಮನೆಯಲ್ಲೇ ಬಿಡಾರ ಹೂಡಿದ. ತಾನು ಹೊಡೆದ ಪಟ್ಟಿಯನ್ನೆಲ್ಲ ತಾನೇ ಕಿತ್ತ. ಪೈಪಿನೊಳಗೆ ಹೊಸ ವೈರು ಹೋಯಿತು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಸುರಿದು ಅರ್ಥಿಂಗ್ ಮಾಡಿದ. ಹೊಸ ಡಬ್ಬಿ ಕೂಡಿಸಿ, ಅದರ ಗುಂಡಿ ಒತ್ತಿ ಹತ್ತು ಸಲ ಟಕ್ ಅನ್ನಿಸಿದ. ಒಂದು ಸಲವೂ ಬೈಯಲಿಲ್ಲ.

ಐದನೆಯ ಬೆಳಿಗ್ಗೆ ತಾಯವ್ವ ಮಿಂದು ಬಂದಳು. ಶೇಖಪ್ಪ ತಾನೇ ಮಣೆ ತಂದಿಟ್ಟು, ಬಾಗಿಲ ಬಳಿ ನಿಂತ. ಟೆಸ್ಟರಿನಲ್ಲಿ ಎಷ್ಟು ಸಲ ನೋಡಿದ್ದರೂ ಮನಸ್ಸು ಕೇಳಬೇಕಲ್ಲ! ಅವಳು ಇಡೀ ಅಂಗೈಯನ್ನು ಜಗಲಿಗೆ ಊರಿದಳು. ತೆಗೆಯಲೇ ಇಲ್ಲ.

"ಏನಾತ್ರಿ?"

"ಏನೂ ಇಲ್ಲಪಾ. ಸುಮ್ನ ಕುಂತಾನ ನಮ್ಮಪ್ಪ."

ಶೇಖಪ್ಪನಿಗೆ ಹೋದ ಜೀವ ಬಂದಂತಾಯಿತು. ತಾಯವ್ವ ಅವನ ಹಣೆಗೆ ವಿಭೂತಿ ಹಚ್ಚಿ ಒಲೆಯ ಕಡೆ ನಡೆದಳು.

"ಬಾ, ರೊಟ್ಟಿ ತಿನ್ನು. ಇವತ್ತು ಮಂಗಳವಾರ. ನಾನೂ ಉಣ್ತೇನಿ."