ಒಂದು ವಾರಕ್ಕೆಂದು ಬಂದ ಅವ್ವ

ಇಪ್ಪತ್ನಾಲ್ಕು ವರ್ಷ ತುಂಬಿದ ಮೇಲೂ ನಾನು ದಾಳಿಂಬೆ ತಿನ್ನುತ್ತಿದ್ದುದು ಚಮಚದಲ್ಲಿ. ಅವ್ವ ಹಣ್ಣು ಬಿಡಿಸಿ, ಬಿಳಿ ಸಿಪ್ಪೆಯ ಚೂರೂ ಇರದಂತೆ ಆರಿಸಿ, ಬಟ್ಟಲಲ್ಲಿ ಹಾಕಿ ನನ್ನ ಲ್ಯಾಪ್‌ಟಾಪ್ ಪಕ್ಕ ಇಡುತ್ತಿದ್ದಳು. ನಾನು ಸ್ಕ್ರೀನಿನಿಂದ ಕಣ್ಣು ತೆಗೆಯದೆ ತಿನ್ನುತ್ತಿದ್ದೆ. ದಾಳಿಂಬೆ ಕಾಳು ಬಟ್ಟಲಲ್ಲೇ ಬೆಳೆಯುತ್ತದೆ ಎಂದು ನಂಬಿದ್ದೆ ಅಂತಲ್ಲ. ಆ ಬಗ್ಗೆ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ನಾವು ಹುಬ್ಬಳ್ಳಿಯವರು. ನನಗೆ ಹನ್ನೆರಡಾಗಿದ್ದಾಗ ಅಪ್ಪನ ಕೆಲಸದ ಸಲುವಾಗಿ ಸಿಡ್ನಿಗೆ ಬಂದು ಕ್ವೇಕರ್ಸ್ ಹಿಲ್‌ನಲ್ಲಿ ನೆಲೆಸಿದೆವು. ನಾನು ಒಬ್ಬನೇ ಮಗ. ಯೂನಿವರ್ಸಿಟಿಗೆ ಹೋಗುವಾಗಲೂ ಅಪ್ಪ ಬೆಳಿಗ್ಗೆ ಸ್ಟೇಷನ್ನಿಗೆ ಬಿಟ್ಟು, ಸಂಜೆ ಅಲ್ಲೇ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ನನಗೂ ಲೈಸೆನ್ಸ್ ಇತ್ತು. ಆದರೆ ಮಳೆ ಬಂದರೆ, ಟ್ರಾಫಿಕ್ ಇದ್ದರೆ, ಬಿಸಿಲು ಕಣ್ಣಿಗೆ ಹೊಡೆದರೆ ಓಡಿಸಬಾರದು ಎಂಬ ಕರಾರು ಅದರ ಜೊತೆಗಿತ್ತು. ಈ ಮೂರೂ ಇಲ್ಲದ ದಿನ ಸಿಡ್ನಿಯಲ್ಲಿ ನಾನು ನೋಡಲಿಲ್ಲ.

ಹೀಗೆ ಓದಿ ಫಾರ್ಮಸಿಸ್ಟ್ ಆದೆ. ಒಂದು ಭಾನುವಾರ ಊಟಕ್ಕೆ ಬಂದಿದ್ದ ಬೆಂಗಳೂರಿನ ಆಂಟಿಯೊಬ್ಬರ ಕಣ್ಣಿಗೆ ಆ ಬಟ್ಟಲು ಬಿತ್ತು.

"ಏನ್ರೀ, ಇಷ್ಟು ದೊಡ್ಡವನಿಗೆ ಇನ್ನೂ ಬಿಡಿಸಿ ಕೊಡ್ತೀರಾ? ಮದುವೆ ಆದ್ಮೇಲೆ ಸೊಸೆಗೆ ಹ್ಯಾಂಡ್‌ಓವರ್ ಮಾಡ್ತೀರೋ ಹೇಗೆ?"

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ನಾನು ಬಟ್ಟಲನ್ನು ಅರ್ಧಕ್ಕೆ ಬಿಟ್ಟು, ಇಲ್ಲ, ಸುಳ್ಳು ಯಾಕೆ, ಪೂರ್ತಿ ಮುಗಿಸಿಯೇ, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಸಿಟ್ಟಿನಲ್ಲಿ ದೇಶದ ಉತ್ತರದ ತುದಿಯಲ್ಲಿದ್ದ ಒಂದು ಸಣ್ಣ ಊರಿನ ಔಷಧದ ಅಂಗಡಿಗೆ ಅರ್ಜಿ ಹಾಕಿದೆ. ನಕಾಶೆಯಲ್ಲಿ ಅದರ ಮೇಲೆ ಬರೀ ಸಮುದ್ರವಿತ್ತು. ಕೆಲಸ ಸಿಗುವುದಿಲ್ಲ ಎಂಬ ಧೈರ್ಯದಿಂದಲೇ ಹಾಕಿದ್ದು. ಆದರೆ ಅಲ್ಲಿಗೆ ನನ್ನನ್ನು ಬಿಟ್ಟರೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ಕೆಲಸ ಸಿಕ್ಕ ಸುದ್ದಿ ಕೇಳಿ ಅವ್ವ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ಅಲ್ಲೆ ಮೊಸಳಿ ಇರ್ತಾವಂತಲ್ಲೋ ತಮ್ಮಾ?"

"ನದ್ಯಾಗ ಇರ್ತಾವ ಅವ್ವಾ, ಅಂಗಡ್ಯಾಗ ಅಲ್ಲ."

"ನಿನಗೇನ್ ತಿಳೀತೈತಿ. ನಾನೂ ಬರ್ತೀನಿ. ಒಂದು ವಾರ ಇದ್ದು, ಮನಿ ಹೊಂದಿಸಿಕೊಟ್ಟು ಬರ್ತೀನಿ."

ಬೇಡ ಎಂದೆ. ಆದರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಎಂದೆ. ನನ್ನ ಸೂಟ್‌ಕೇಸಿನಲ್ಲಿ ಅವ್ವ ಇಸ್ತ್ರಿ ಮಾಡಿದ ಅಂಗಿಗಳಿದ್ದವು. ಅವಳ ಎರಡು ಸೂಟ್‌ಕೇಸುಗಳಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಹಂಚು, ಮತ್ತು ಜಾಗ ಉಳಿದಲ್ಲಿ ಅವಳ ಸೀರೆಗಳು.

ಪುಟ್ಟ ವಿಮಾನದ ಬಾಗಿಲು ತೆರೆದಾಗ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಿಸಿ ಹಬೆ ಮುಖಕ್ಕೆ ಬಡಿಯಿತು. ಅಂಗಡಿಯವರು ಕೊಟ್ಟ ಮನೆ ಕಂಬಗಳ ಮೇಲೆ ನಿಂತಿತ್ತು. ಮರುದಿನ ಬೆಳಿಗ್ಗೆ ಟಾಯ್ಲೆಟ್ಟಿಗೆ ಹೋದೆ. ಕಮೋಡಿನ ಒಳಗೆ ಅಂಗೈಯಗಲದ ಹಸಿರು ಕಪ್ಪೆಯೊಂದು ಕುಳಿತು, ಇಷ್ಟು ಹೊತ್ತಿಗೆ ಬರುವುದೇ ಎನ್ನುವಂತೆ ನನ್ನನ್ನು ನೋಡಿತು. ನಾನು ಕಿರುಚಿದೆ. ಅವ್ವ ಓಡಿ ಬಂದು ನೋಡಿ ನನಗಿಂತ ಜೋರಾಗಿ ಕಿರುಚಿದಳು.

"ಹೊರಗ ತಗಿ ಅದನ್ನ!"

"ನಾನಾ?"

"ಮತ್ತ್ಯಾರು, ನಾನಾ?"

ಏನು ಮಾಡಬೇಕೆಂದು ಫೋನಿನಲ್ಲಿ ನೋಡುತ್ತೇನೆ ಎಂದು ಹೇಳಿ ನಾನು ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಆ ರೂಮಿನಲ್ಲಿ ಫೋನಿಗೆ ಸಿಗ್ನಲ್ಲೇ ಇರಲಿಲ್ಲ. ಆದರೂ ಹೊರಗೆ ಬರಲಿಲ್ಲ. ಇತ್ತ, ಕ್ವೇಕರ್ಸ್ ಹಿಲ್‌ನಲ್ಲಿ ಅಷ್ಟು ವರ್ಷ ಪಕ್ಕದ ಮನೆಯವರಿಗೆ ಒಂದು ಹಲೋಗಿಂತ ಹೆಚ್ಚು ಹೇಳದ ಅವ್ವ ಬೇಲಿಯ ಹತ್ತಿರ ಹೋಗಿ ಕೂಗುವುದು ಕಿಟಕಿಯಿಂದ ಕೇಳಿಸಿತು.

"ಕಮ್, ಕಮ್. ಫ್ರಾಗ್. ಬಿಗ್!"

ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ಬರಿಗಾಲಲ್ಲಿ, ಚಡ್ಡಿ ತೊಟ್ಟು ಬಂದಳು. ಮೊದಲು ಸ್ಕೂಲ್ ಬಸ್ಸಿನ ಡ್ರೈವರ್ ಆಗಿದ್ದವಳೆಂದು ಆಮೇಲೆ ತಿಳಿಯಿತು. ಕಪ್ಪೆಯನ್ನು ಕೈಯಲ್ಲೇ ಎತ್ತಿ, ಅದಕ್ಕೆ ಏನೋ ಬುದ್ಧಿ ಹೇಳಿ, ಹಿತ್ತಲಲ್ಲಿ ಬಿಟ್ಟಳು. ಆಮೇಲೆ, ನಿನ್ನ ಜೊತೆ ಮಗ ಬಂದಿದ್ದಾನಂತಲ್ಲ, ಎಲ್ಲಿ, ಎಂದು ಅವ್ವನನ್ನು ಕೇಳಿದಳು.

"ಹೀ ಈಸ್ ರೀಡಿಂಗ್," ಎಂದಳು ಅವ್ವ.

ಅವರಿಬ್ಬರ ಗೆಳೆತನ ಹೀಗೆ ಶುರುವಾಯಿತು. ಅವ್ವ ಅವಳನ್ನು, ಹೆಂಗಸರನ್ನು ಗೌರವದಿಂದ ಕರೆಯುವ ಹುಬ್ಬಳ್ಳಿಯ ರೀತಿಯಲ್ಲಿ, ಬಾಯಾರು ಎಂದು ಕರೆದಳು. ಅವಳು ಅದನ್ನೇ ಅವ್ವನ ಹೆಸರೆಂದು ತಿಳಿದು, ಅವ್ವನನ್ನೂ ಬಾಯಾರು ಎಂದು ಕರೆಯತೊಡಗಿದಳು. ಒಬ್ಬರನ್ನೊಬ್ಬರು ತಿದ್ದಲು ಇಬ್ಬರಿಗೂ ಮನಸ್ಸಾಗಲಿಲ್ಲ.

ವಾರ ಕಳೆಯಿತು. ಇನ್ನೊಂದು ವಾರವೂ ಕಳೆಯಿತು. ಅವ್ವ ಟಿಕೆಟ್ ಮುಂದೆ ಹಾಕುತ್ತಲೇ ಇದ್ದಳು. ಮಧ್ಯಾಹ್ನ ಸರಿಯಾಗಿ ಊಟದ ಡಬ್ಬಿ ಹಿಡಿದು ಅಂಗಡಿಗೆ ಬರುತ್ತಿದ್ದಳು. ಒಂದು ದಿನ ಬಾಗಿಲಗಲದ ಮೀನುಗಾರನೊಬ್ಬ ಬಿಪಿ ಮಾತ್ರೆಗೆ ಕಾಯುತ್ತ ನಿಂತಿದ್ದ.

"ಮೊದ್ಲ ಉಣ್ಣು. ಆಮ್ಯಾಲೆ ಅವರಿಗೆ ಗುಳಗಿ ಕೊಡು," ಎಂದಳು ಅವ್ವ.

ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅಷ್ಟೂ ಅರ್ಥವಾಯಿತು. "ನಿಮ್ಮಮ್ಮ ಹೇಳಿದ ಹಾಗೆ ಕೇಳಪ್ಪ, ನನಗೇನು ಅವಸರವಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ ಕುರ್ಚಿಯಲ್ಲಿ ಕೂತ. ನಾನು ಕೌಂಟರಿನ ಹಿಂದೆ ರೊಟ್ಟಿ ಪಲ್ಯ ತಿಂದೆ. ಅವನು ನೋಡುತ್ತಿದ್ದ. ಮರುದಿನದಿಂದ ಔಷಧಕ್ಕೆ ಬಂದವರೆಲ್ಲ ಇವತ್ತು ಡಬ್ಬಿಯಲ್ಲೇನು ಎಂದು ವಿಚಾರಿಸತೊಡಗಿದರು.

ನನಗೆ ತಡೆಯಲಾಗಲಿಲ್ಲ. ಅವ್ವನ ಸೆರಗಿನಿಂದ ಬಿಡಿಸಿಕೊಳ್ಳಲು ಇಷ್ಟು ದೂರ ಬಂದರೆ, ಸೆರಗು ವಿಮಾನ ಹತ್ತಿ ಬಂದುಬಿಟ್ಟಿತ್ತಲ್ಲ. ಸಂಜೆ ಮನೆಗೆ ಹೋಗಿ ಗಂಟಲು ಸರಿಮಾಡಿಕೊಂಡು ಹೇಳಿದೆ:

"ಅವ್ವಾ, ನೀ ಹಿಂಗ ನನ್ನ ಹಿಂದ ಹಿಂದ ಬರಬ್ಯಾಡ. ನಿನಗೂ ಒಂದು ಲೈಫ್ ಬೇಕಲ್ಲಾ? ಹೊರಗ ಹೋಗು, ಬಾಯಾರ ಜೋಡಿ ತಿರುಗಾಡು."

"ಆತು," ಎಂದಳು ಅವ್ವ. ಒಂದೇ ಮಾತಿಗೆ ಒಪ್ಪಿದಳಲ್ಲ ಎಂದು ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಯಿತು.

ಮರುದಿನ ಡಬ್ಬಿ ಬರಲಿಲ್ಲ. ಮನೆಗೆ ಬಂದೆ. ಅವ್ವ ಇರಲಿಲ್ಲ. ಒಲೆ ತಣ್ಣಗಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಕಾರ್ನ್‌ಫ್ಲೇಕ್ಸ್ ಸಿಕ್ಕಿತು. ಆ ಊರಿಗೆ ದಿನಸಿ ಹಡಗಿನಲ್ಲಿ ಬರುತ್ತಿದ್ದುದರಿಂದ ಮನೆಯಲ್ಲಿ ಹಾಲಿನ ಪುಡಿ ಇರುತ್ತಿತ್ತು. ಪುಡಿಯನ್ನು ನೀರಲ್ಲಿ ಕಲಸಿ ಸುರಿದುಕೊಂಡು ಅರ್ಧ ತಿಂದ ಮೇಲೆ ಅದು ಅಕ್ಕಿಹಿಟ್ಟು ಎಂದು ಗೊತ್ತಾಯಿತು. ಬಿಳಿ ಪುಡಿಗಳನ್ನು ಬೇರೆ ಬೇರೆ ಗುರುತಿಸುವುದು ನನ್ನ ಹೊಟ್ಟೆಪಾಡು ಎಂಬುದನ್ನು ಓದುಗರು ದಯವಿಟ್ಟು ಮರೆಯಬೇಕು.

ಸಂಜೆ ಅವ್ವ ಬಂದಳು. ಮೈಮೇಲೆ ಸೀರೆ, ತಲೆಯ ಮೇಲೆ ಬಾಯಾರ ಹಳೆಯ ಟೊಪ್ಪಿಗೆ, ಮುಖ ಬಿಸಿಲಿಗೆ ಕೆಂಪು.

"ಎಲ್ಲಿಗೆ ಹೋಗಿದ್ದಿ?"

"ಏರ್‌ಪೋರ್ಟ್ ರೋಡಿಗೆ. ಗಾಡಿ ಓಡಿಸಾಕ."

"ಯಾರು ಓಡಿಸಿದ್ರು?"

"ನಾ."

ಗುರುತಿನ ಚೀಟಿಯ ಹಾಗೆ ಇರಲಿ ಎಂದು ಅಪ್ಪ ಸಿಡ್ನಿಯಲ್ಲಿ ಅವಳಿಗೆ ಲರ್ನರ್ಸ್ ಲೈಸೆನ್ಸ್ ಮಾಡಿಸಿದ್ದ. ಅದನ್ನು ಹಿಡಿದು ಸ್ಟೀರಿಂಗ್ ಮುಟ್ಟಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆ ಊರಿನ ಏರ್‌ಪೋರ್ಟ್ ರಸ್ತೆಯಲ್ಲಿ ವಿಮಾನವಿಲ್ಲದ ದಿನ ಒಂದು ನಾಯಿಯೂ ಅಡ್ಡ ಬರುವುದಿಲ್ಲ. ಬಾಯಾರು ತನ್ನ ಗಾಡಿ ಕೊಟ್ಟು, ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದಳು. ಮೂವತ್ತು ವರ್ಷ ಇಡೀ ಊರಿನ ಮಕ್ಕಳ ಗಲಾಟೆಯನ್ನು ಬೆನ್ನ ಹಿಂದೆ ಹೊತ್ತು ಬಸ್ ಓಡಿಸಿದವಳಿಗೆ ಅವ್ವನ ಗಾಬರಿ ಏನೂ ಅಲ್ಲ.

ಮರುದಿನ ಅಪ್ಪನ ಫೋನ್ ಬಂತು.

"ನಿಮ್ಮವ್ವಗ ಕೊಡು."

"ಮನ್ಯಾಗಿಲ್ಲಪ್ಪಾ. ಡ್ರೈವಿಂಗ್ ಕಲಿಯಾಕ ಹೋಗ್ಯಾಳ."

"ಮತ್ತ ನೀ ಏನ್ ಮಾಡಾಕತ್ತಿ?"

"ಹಸಿವಿ ಆಗೈತಿ," ಎಂದೆ.

"ನನಗೂ," ಎಂದ ಅಪ್ಪ.

ಅಲ್ಲಿಂದ ಮುಂದೆ ಅವ್ವ ಮನೆಯಲ್ಲಿ ಸಿಗುವುದೇ ಅಪರೂಪವಾಯಿತು. ಬಾಯಾರ ಜೊತೆ ಮೀನು ಹಿಡಿಯಲೂ ಹೋಗತೊಡಗಿದಳು. ನಾವು ಮೊಟ್ಟೆಯನ್ನೂ ಮುಟ್ಟದವರು. ಕೇಳಿದರೆ, ತಾನು ಗಾಳಕ್ಕೆ ಎರೆ ಸಿಕ್ಕಿಸುವುದಿಲ್ಲ, ಸುಮ್ಮನೆ ನೀರಲ್ಲಿ ಬಿಟ್ಟು ಕೂರುತ್ತೇನೆ ಎಂದಳು. ಮೀನಿಗೂ ತೊಂದರೆಯಿಲ್ಲ, ತನಗೂ ಹೊತ್ತು ಹೋಗುತ್ತದೆ. ಮೊಸಳೆಗಳ ಬಗ್ಗೆ ಈಗ ಅವಳೇ ನನಗೆ ತಿಳಿಸಿ ಹೇಳುತ್ತಿದ್ದಳು: ನೀರಿನ ದಂಡೆಯಿಂದ ಎಷ್ಟು ಹಿಂದೆ ಕೂರಬೇಕು, ಬೆನ್ನು ಯಾಕೆ ತಿರುಗಿಸಬಾರದು. ನನಗೆ ಹೊಟ್ಟೆ ಉರಿಯಿತು. ಸ್ವತಂತ್ರನಾಗಲು ಬಂದವನು ನಾನು, ಆಗುತ್ತಿದ್ದವಳು ಅವಳು.

"ಹಿಂಗಾದ್ರ ಮನ್ಯಾಗ ಅಡಗಿ ಯಾರು ಮಾಡೋರು?" ಎಂದು ಒಂದು ಸಂಜೆ ಕೇಳಿಯೇಬಿಟ್ಟೆ.

"ಹಸಿವಿ ಆದವರು," ಎಂದಳು.

ಹಸಿವು ನನಗೇ ಆಗಿತ್ತು. ಅವ್ವ ವರಾಂಡದ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಒಳಗೆ ಕೂಗಿ ಕೂಗಿ ಹೇಳಿದಳು. ನಾನು ಉಪ್ಪಿಟ್ಟು ಮಾಡಿದೆ. ರವೆ ಹುರಿ ಎಂದಾಗ ಹುರಿದೆ. ಕೆಂಪಗಾಯಿತೇನು ಎಂದಾಗ ಕಪ್ಪಗಾಗಿದೆ ಎಂದೆ. ಆರಿದ ಮೇಲೆ ಅದು ಚಾಕುವಿನಿಂದ ಕತ್ತರಿಸಿ ಬಡಿಸುವಂತಾಯಿತು. ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು, "ತಿನ್ನಾಕ ಬರ್ತೈತಿ," ಎಂದಳು. ನನಗೆ ಡಿಗ್ರಿ ಬಂದ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ಮಳೆಗಾಲದ ಮೊದಲ ಮೋಡಗಳು ಸಮುದ್ರದ ಮೇಲೆ ಕಾಣಿಸಿಕೊಂಡಾಗ ಅವ್ವ ತಾನಾಗಿಯೇ ಟಿಕೆಟ್ ಬುಕ್ ಮಾಡಿಸಿದಳು. ಮಳೆ ಹಿಡಿದರೆ ರಸ್ತೆಗಳೆಲ್ಲ ಮುಚ್ಚುತ್ತವೆ, ವಿಮಾನವೂ ಖಾತ್ರಿಯಿಲ್ಲ, ಆಮೇಲೆ ತಿಂಗಳುಗಟ್ಟಲೆ ಅಲ್ಲೇ ಎಂದು ಬಾಯಾರು ಹೇಳಿದ್ದಳು. ಅವ್ವನ ನೆರಳಿನಿಂದ ದೂರ ಹೋಗಬೇಕೆಂದು ಕ್ವೇಕರ್ಸ್ ಹಿಲ್ ಬಿಟ್ಟವನು, ಈಗ ಅವಳ ಸೂಟ್‌ಕೇಸಿನ ಮೇಲೆ ಕೂತು, "ಇನ್ನೊಂದು ವಾರ ಇರು ಅವ್ವಾ," ಎಂದೆ.

"ಯಾಕ?"

ಅವ್ವ ಪಕ್ಕದಲ್ಲಿ ಬಂದು ಕೂತಳು.

"ನಾ ಇಲ್ಲಿಗೆ ಬಂದಿದ್ದು ನಿನ್ನ ಸಲುವಾಗಿ ಅಂತ ಎಲ್ಲಾರಿಗೂ ಹೇಳೀನಿ. ಖರೇ ಹೇಳಬೇಕಂದ್ರ, ಆ ಮನ್ಯಾಗ ನೀ ಇಲ್ಲದ ನಾ ಏನ್ ಮಾಡ್ಲಿ ಅಂತ ಅಂಜಿಕಿ ಬಂದಿತ್ತು. ಈಗ ಇಲ್ಲ."

ಎದ್ದು ಸೂಟ್‌ಕೇಸ್ ಬಿಡು ಎಂಬಂತೆ ನನ್ನ ಭುಜ ತಟ್ಟಿದಳು. ಎದ್ದೆ.

ಏರ್‌ಪೋರ್ಟಿಗೆ ಅವ್ವನೇ ಓಡಿಸಿದಳು. ಪಕ್ಕದಲ್ಲಿ ಬಾಯಾರು, ಹಿಂದಿನ ಸೀಟಿನಲ್ಲಿ ಸಾಮಾನುಗಳ ಜೊತೆ ನಾನು. ಇಬ್ಬರು ಬಾಯಾರೂ ತಬ್ಬಿಕೊಂಡು ಅತ್ತರು. ನನಗೆ ಸಿಕ್ಕಿದ್ದು, "ಗ್ಯಾಸ್ ಬಂದ್ ಮಾಡಿ ಮಲಕ್ಕೋ," ಎಂಬ ಒಂದು ಮಾತು. ವಿಮಾನ ಏರಿದ ಮೇಲೆ ಮಳೆ ಸುರಿಯತೊಡಗಿತು. ಬಾಯಾರು ಕೀಲಿ ನನ್ನ ಕೈಗೆ ಹಾಕಿ ಪಕ್ಕದ ಸೀಟಿನಲ್ಲಿ ಹೋಗಿ ಕೂತಳು. ಮಳೆಯಲ್ಲಿ ನಾನು ಗಾಡಿ ಓಡಿಸಿದ್ದು ಅದೇ ಮೊದಲು. ಎತ್ತಿನ ಬಂಡಿಯೂ ನಾಚುವಷ್ಟು ನಿಧಾನವಾಗಿ ಮನೆ ತಲುಪಿದೆ. ಇಳಿಯುವಾಗ ಅವಳು ಹೇಳಿದಳು, ನಿನ್ನ ತಾಯಿ ಬ್ರೇಕನ್ನು ನಿನಗಿಂತ ಮೆತ್ತಗೆ ಒತ್ತುತ್ತಾಳೆ ಎಂದು.

ಆ ಮಳೆಗಾಲವನ್ನು ಒಬ್ಬನೇ ಕಳೆದೆ. ತಮಾಷೆ ಬಿಟ್ಟು ಹೇಳುವುದಾದರೆ, ಮೊದಲ ಕೆಲವು ವಾರ ಬಹಳ ಕಷ್ಟವಾಯಿತು. ತಗಡಿನ ಛಾವಣಿಯ ಮೇಲೆ ಬೀಳುವ ಮಳೆಯ ಸದ್ದಿಗೆ ಫೋನಿನ ಮಾತೂ ಕೇಳಿಸುತ್ತಿರಲಿಲ್ಲ. ಅಡುಗೆ ಮಾಡುವಾಗ ನನಗೆ ನಾನೇ ಹುಬ್ಬಳ್ಳಿ ಕನ್ನಡದಲ್ಲಿ ಬೈದುಕೊಳ್ಳುತ್ತಿದ್ದೆ. ಆ ದನಿ ಅವ್ವನದಾಗಿರುತ್ತಿತ್ತು. ಎಷ್ಟೋ ಸಂಜೆ ಉಪ್ಪಿಟ್ಟಿನ ತಟ್ಟೆ ಹಿಡಿದು ಬೇಲಿ ದಾಟಿ ಹೋಗಿ ಬಾಯಾರ ವರಾಂಡದಲ್ಲಿ ಕೂರುತ್ತಿದ್ದೆ. ಅವಳು ಒಂದು ತುಂಡು ತಿಂದು ಉಳಿದದ್ದನ್ನು ಕೋಳಿಗಳಿಗೆ ಹಾಕುತ್ತಿದ್ದಳು. ಮಳೆ ನಿಲ್ಲುವ ಹೊತ್ತಿಗೆ ಕೋಳಿಗಳಿಗೆ ಏನೂ ಉಳಿಯುತ್ತಿರಲಿಲ್ಲ.

ಎರಡನೆಯ ವರ್ಷ ಮುಗಿದಾಗ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ವಿಂಡಮ್ ವೇಲ್‌ನಲ್ಲಿ ಒಂದು ಮನೆ ರೆಂಟ್‌ಗೆ ಹಿಡಿದೆ. ಸಿಡ್ನಿಗೇ ಬಂದುಬಿಡು ಎಂದು ಅಪ್ಪ ಹೇಳಿದ. ಅವ್ವ ಹೇಳಲಿಲ್ಲ. ಅಷ್ಟರಲ್ಲಿ ಅವಳು ಟೆಸ್ಟ್ ಪಾಸಾಗಿದ್ದಳು. ಕಳೆದ ಚಳಿಗಾಲದಲ್ಲಿ ಅವರಿಬ್ಬರೂ ಕಾರಿನಲ್ಲಿ ಹೊರಟು, ದಾರಿಯಲ್ಲಿ ಒಂದು ರಾತ್ರಿ ತಂಗಿ, ನನ್ನ ಮನೆಗೆ ಬಂದರು. ಓಡಿಸಿದ್ದು ಅವ್ವ. ಅಪ್ಪ ಇಳಿದಾಗ ಬಾಗಿಲ ಮೇಲಿನ ಹಿಡಿ ಹಿಡಿದೂ ಹಿಡಿದೂ ಅವನ ತೋಳು ನೋಯುತ್ತಿತ್ತು. ಅವ್ವ ಚಹಾ ಕುಡಿದವಳೇ, ಊರಿನ ಇನ್ನೊಂದು ತುದಿಯ ಕ್ಲೈಡ್ ನಾರ್ತ್‌ನಲ್ಲಿರುವ ಧಾರವಾಡದ ಗೆಳತಿಯನ್ನು ನೋಡಿ ಸಂಜೆ ಬರುತ್ತೇನೆ ಎಂದು ಅಪ್ಪನನ್ನು ನನ್ನ ಹತ್ತಿರ ಬಿಟ್ಟು ಹೋದಳು.

ಅಪ್ಪ ಸ್ವಲ್ಪ ಹೊತ್ತು ಟಿವಿ ನೋಡಿದ. ಆಮೇಲೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ತಮ್ಮಾ, ಅನ್ನಕ್ಕ ನೀರು ಎಷ್ಟು ಹಾಕ್ತಾರ?"

ಇಂಥ ಪ್ರಶ್ನೆಯನ್ನು ಜೀವನದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ನಾನು ಅಕ್ಕಿಯ ಜಾತಿ, ತೊಳೆಯುವ ಬಗೆ, ನೆನೆಯುವ ಹೊತ್ತು ಎಲ್ಲದರ ಮೇಲೂ ದೊಡ್ಡ ಭಾಷಣ ಕೊಟ್ಟೆ. ಅಪ್ಪ ತಲೆಯಾಡಿಸುತ್ತ ಕೇಳಿ, ತಾನೇ ಅಳೆದು, ತೊಳೆದು, ಕರೆಂಟಿನ ಕುಕ್ಕರಿನಲ್ಲಿಟ್ಟ. ಇಬ್ಬರೂ ಮಾತಾಡುತ್ತ ಕಾದೆವು. ಬಹಳ ಹೊತ್ತಾದರೂ ಹಬೆ ಬರಲಿಲ್ಲ. ಅಪ್ಪ ಎದ್ದು ಹೋಗಿ ಮುಚ್ಚಳ ತೆಗೆದು ನೋಡಿದ.

"ಇದಕ್ಕ ಗುಂಡಿ ಏನರ ಒತ್ತಬೇಕೇನೋ?"

ಒತ್ತಬೇಕಿತ್ತು. ಭಾಷಣದಲ್ಲಿ ಅದೊಂದನ್ನು ಬಿಟ್ಟಿದ್ದೆ. ಒತ್ತಿದೆವು. ಅಷ್ಟು ಹೊತ್ತು ನೆನೆದ ಅಕ್ಕಿ ಬೆಂದು ಮುದ್ದೆಯಾಯಿತು. ಅದಕ್ಕೆ ಮೊಸರು ಹಾಕಿ, ಉಪ್ಪಿನಕಾಯಿ ಹಚ್ಚಿಕೊಂಡು, ಸಿಂಕಿನ ಪಕ್ಕ ನಿಂತುಕೊಂಡೇ ಉಂಡೆವು. ಅಪ್ಪ ಎರಡನೆಯ ಸಲ ತಾನೇ ಬಡಿಸಿಕೊಂಡ.